ಗೂಡು ಕಟ್ಟದ ಹುಳು

ಶಿಡ್ಲಘಟ್ಟ
ಜುಲೈ 14, 2024

ಚಿರಂಜೀವಿ ರಮೇಶ್‌ಬಾಬುಗೆ ಅಕ್ಕನ ಆಶೀರ್ವಾದಗಳು.

ಕಾರವಾರದ ಮಳೆಗೆ ನಿನ್ನ ಕೆಮ್ಮು ಹೆಚ್ಚಿರಬೇಕು, ಬಿಸಿನೀರನ್ನೇ ಕುಡಿ. ನಾನು ಚೆನ್ನಾಗಿದ್ದೇನೆ, ಬರೆಯುತ್ತಿರುವುದು ಅಪ್ಪನ ವಿಷಯಕ್ಕೆ. ಫೋನಿನಲ್ಲಿ ಎತ್ತಿದರೆ ನೀನು ಮಾತು ತಿರುಗಿಸುತ್ತೀಯ, ಅದಕ್ಕೇ ಕಾಗದ. ನನಗೆ ಮೈಯೆಲ್ಲ ಉರಿಯುತ್ತಿದೆ ಕಣೋ.

ಕಾಲೇಜಿನಲ್ಲಿದ್ದಾಗ, ಟೀವಿಗೆ ಸಿಕ್ಕಿಸುವ ಆ ಪುಟ್ಟ ಕಂಪ್ಯೂಟರಿನಲ್ಲಿ ನೀನು ಬರೆದ ರೇಷ್ಮೆಹುಳುವಿನ ಆಟವನ್ನು ಅಪ್ಪ ಇವತ್ತಿಗೂ ಆಡುತ್ತಾರೆ. ಯಂತ್ರ ಕೆಟ್ಟ ಮೇಲೆ ಕ್ಯಾಸೆಟ್ಟಿನಲ್ಲಿದ್ದದ್ದನ್ನು ನಾನೇ, ಆ ಹಳೇ ಯಂತ್ರದ ಅಳತೆಯಲ್ಲೇ ನಡೆಯುವ ಹಾಗೆ, ಲ್ಯಾಪ್‌ಟಾಪಿಗೆ ಇಳಿಸಿಕೊಟ್ಟೆ. ಮೂವತ್ತೈದು ವರ್ಷದಿಂದ ಅವರ ಆಸೆ ಒಂದೇ: ಆ ಹುಳು ಬಿದಿರು ತಟ್ಟಿಯ ಚಂದ್ರಿಕೆ ಹತ್ತಿ ಗೂಡು ಕಟ್ಟುವುದನ್ನು ನೋಡಬೇಕು. ಪೊರೆ ಬಿಡುವ ನಾಲ್ಕೂ ಜ್ವರ ದಾಟಿಸುತ್ತಾರೆ, ಹುಳು ಹಣ್ಣಾಗಿ ಗೂಡಿಗೆ ತಯಾರಾಗುತ್ತದೆ, ಅಷ್ಟರಲ್ಲಿ ಐದನೇ ಹಂತ ಮತ್ತೆ ಮೊದಲಿನಿಂದ ಶುರು. ಮನೆಯಲ್ಲಿ ಸಾಕುವ ಹುಳುವಿಗೆ ಮಾಡುವ ಮಡಿಯೆಲ್ಲ ಇದಕ್ಕೂ ಉಂಟು. ಸ್ನಾನ ಮಾಡದೆ ಆಟಕ್ಕೆ ಕೂರುವುದಿಲ್ಲ, ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ. ನಾನು ಒಗ್ಗರಣೆ ಹಾಕಿದರೆ ಹುಳುವಿಗೆ ಘಾಟು ಎಂದು ಅಡುಗೆಮನೆ ಬಾಗಿಲು ಮುಚ್ಚಿಸುತ್ತಾರೆ! ಕೊನೆಗೆ, "ಎಲ್ಲೋ ಸೊಪ್ಪು ತಡ ಮಾಡ್ದೆ ಕಣಮ್ಮ, ತಪ್ಪು ನಂದೇ" ಎನ್ನುತ್ತಾರೆ.

ಹೋದ ವಾರ ನಿನ್ನ ಪ್ರೋಗ್ರಾಂ ಅಚ್ಚು ಹಾಕಿಸಿ ಓದಿದೆ. ಮೂವತ್ತು ವರ್ಷ ಲೆಕ್ಕದ ಮೇಡಂ ಆಗಿದ್ದವಳಿಗೆ ಅಷ್ಟು ಬರುತ್ತದೆ. ಕೆಲಸ ಚೆನ್ನಾಗಿದೆ, ಒಪ್ಪಿಕೊಳ್ಳುತ್ತೇನೆ. ಆ ಯಂತ್ರದ ಬರೀ ನಲವತ್ತೆಂಟು ಕೆ.ಬಿ. ಜಾಗದಲ್ಲಿ ಅಷ್ಟು ಹುಳುಗಳು ಒಂದೂ ಮಿನುಗದೆ ಹರಿದಾಡುತ್ತವೆ. ಟೀವಿ ಒಂದು ಚಿತ್ರ ಮುಗಿಸುವವರೆಗೆ ಕಾದು ಮುಂದಿನದನ್ನು ಬರೆಸಿದ್ದೀಯ. ಎಲೆಯ ಹಸಿರು ಹುಳುವಿನ ಮೈಗೆ ಮೆತ್ತಿಕೊಳ್ಳುವುದಿಲ್ಲ. ಕೀಲಿ ಒತ್ತಿದ ಕೂಡಲೇ ತಲೆ ತಿರುಗಿಸುತ್ತದೆ. ಇಷ್ಟೆಲ್ಲ ಬಂದವನಿಗೆ ಕೊನೆಯೊಂದು ಬರೆಯಲು ಆಗಲಿಲ್ಲವೇ? ಹುಡುಕಿ ಹುಡುಕಿ ಸಾಕಾಯಿತು, ಗೂಡು ಎಲ್ಲಿಯೂ ಇಲ್ಲ. ಜಾಗ ತುಂಬಿತು ಎಂದು, ಮತ್ತೆ ಐದನೇ ಹಂತಕ್ಕೇ ಹೋಗು ಅಂತ ಒಂದು ಸಾಲು ಗೀಚಿ ಕೈ ತೊಳೆದುಕೊಂಡಿದ್ದೀಯ. ಹೇಳಬಹುದಿತ್ತಲ್ಲ! ಪ್ರತಿ ಯುಗಾದಿಗೂ ಬಂದು, "ಇನ್ನೂ ಚೆನ್ನಾಗಿ ಮೇಯ್ಸಪ್ಪ, ಕಟ್ಟುತ್ತೆ" ಎಂದು ಬೆನ್ನು ತಟ್ಟಿ ಹೋದೆ. ಲಕ್ಷಾಂತರ ಹುಳು ಮೇಯಿಸಿದ ಮನುಷ್ಯ ನಿನ್ನ ಮಾತು ನಂಬಿ ತನ್ನ ಕೈಗುಣವನ್ನೇ ಅನುಮಾನಿಸಿಕೊಂಡರು. ಅದನ್ನು ನೆನೆದರೆ ನನಗೆ ಅಳು ಬರುತ್ತದೆ.

ನಿನ್ನ ಹೆಂಡತಿಗೂ ಮಗಳಿಗೂ ಕೇಳಿದೆ ಎಂದು ಹೇಳು. ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ನೂರು ಕಾಲ ಬಾಳು.

ನಿನ್ನ ಅಕ್ಕ,
ಅಶ್ವತ್ಥಮ್ಮ

ಮತ್ತೆ: ಅಪ್ಪನ ಎಡಗಣ್ಣು ಹೋದ ಕಥೆ ನಿನಗೆ ಗೊತ್ತು. ಬಲಗಣ್ಣೂ ಮಸುಕಾಗುತ್ತಿದೆ, ದೀಪಾವಳಿ ಹೊತ್ತಿಗೆ ಪರದೆ ಕಾಣುವುದು ಅನುಮಾನ ಎಂದಿದ್ದಾರೆ ಚಿಂತಾಮಣಿಯ ಡಾಕ್ಟರು. ಅಪ್ಪನಿಗೆ ಹೇಳಿಲ್ಲ. ಗೂಡು ಸಣ್ಣದಾದರೂ ಸರಿ, ಬೇಗ ಬರೆದು ಕಳಿಸು. ಜಾಗ ಇಲ್ಲ ಎನ್ನಬೇಡ. ಆಟ ಶುರುವಾಗುವ ಮೊದಲು ನಿನ್ನ ಹೆಸರು ಬಣ್ಣಬಣ್ಣವಾಗಿ ಕುಣಿಯುತ್ತಿತ್ತಲ್ಲ, ಅದನ್ನು ಅಳಿಸಿದೆ. ಗೂಡಿಗೆ ಆರು ನೂರು ಬೈಟ್ ಜಾಗ ಸಿಕ್ಕಿದೆ.