ಆರು ಜನರ ಸಕ್ಕರೆ

ಲಂಡನ್, ೨೪ ನವೆಂಬರ್ ೧೯೪೭

ನರ್ಮದಾ ವೈನಿಯವರಿಗೆ,

ನಿಮ್ಮ ಪಾದಕ್ಕೆರಗಿ ಒಪ್ಪಿಕೊಳ್ಳುತ್ತೇನೆ: ನಾನು ಕಳ್ಳ. ಈ ತಿಂಗಳ ಮೊದಲ ರವಿವಾರ ಮನೆಯೊಡತಿ ಮಧ್ಯಾಹ್ನದ ಚಹಾಕ್ಕೆ ಕರೆದಿದ್ದರು. ಬರುವ ದಾರಿಯಲ್ಲಿ ಮುಂಬಯಿಯ ಇರಾನಿ ಹೋಟೆಲಿನವ, ಏಡನ್ ಬಂದರಿನ ಅರಬ ಚಹಾದವ ಇಬ್ಬರೂ ಚಹಾಕ್ಕೆ ಕೈತುಂಬ ಸಕ್ಕರೆ ಸುರಿದು ಕೊಟ್ಟಿದ್ದರು. ಇಲ್ಲಿ ಎದುರಿಗೆ ಬಟ್ಟಲಿನಲ್ಲಿ ಲಿಂಬಿಹಣ್ಣಿನಷ್ಟು ಸಕ್ಕರೆಯಿತ್ತು. ನನ್ನ ಪಾಲೆಂದು ಪೂರ್ತಿ ಸುರಿದುಕೊಂಡೆ. ಉಳಿದ ಐವರೂ ಉಸಿರು ಹಿಡಿದು ನೋಡಿದರು. ನನ್ನ ಕೋಣೆಯ ಗೆಳೆಯ, ಜೇವರ್ಗಿಯ ಮುರ್ತುಜಾ ಕಿವಿಯಲ್ಲಿ ಅಂದ: "ಏನ್ ಮಾಡ್ದಿಲೇ! ಅದು ಆರೂ ಮಂದೀದು. ಇಲ್ಲಿ ಸಕ್ರಿ ರೇಷನ್ ಅದ!"

ವೈನಿ, ಅರ್ಧ ಜಗತ್ತನ್ನಾಳಿದವರ ಮನೆಯಲ್ಲಿ ಸಕ್ಕರೆ ತೂಗಿ ಕೊಡುತ್ತಾರೆ! ನನಗಿನ್ನೂ ನಂಬಿಕೆ ಬಂದಿಲ್ಲ. ಸಕ್ಕರೆಯೆಲ್ಲ ಇವರ ಮಾತಿನಲ್ಲೇ ಖರ್ಚಾಗುತ್ತದೋ ಏನೋ.

ತಪ್ಪಿಗೆ ದಂಡವೆಂದು ನನ್ನ ಒಂದು ತಿಂಗಳ ಸಕ್ಕರೆಯನ್ನು ಆ ಐವರಿಗೇ ಬಿಟ್ಟುಕೊಟ್ಟಿದ್ದೇನೆ. ನೀವು ಯಾರ ಕೈಗೆ ಸಿಗದಂತೆ ಸಕ್ಕರೆ ಡಬ್ಬಿ ಬಚ್ಚಿಡುತ್ತಿದ್ದಿರೋ, ಆ ಮೈದುನ ಈಗ ಸಪ್ಪನೆಯ ಚಹಾ ಕುಡಿಯುವ ಅಪ್ಪಟ ಸಾಹೇಬ. ನಮ್ಮೂರು ಆಳಂದದ ತುಂಬ ಹೇಳಿ.

ಆರೋಗ್ಯ ಚೆನ್ನಾಗಿದೆ. ಎರಡು ಬಾಟಲಿ ಕೆಮ್ಮಿನ ಔಷಧಿ ಖಾಲಿಯಾದದ್ದು ಕೇಳಿ ಅಣ್ಣ ಗಾಬರಿಯಾಗಬಾರದು. ಕೆಮ್ಮಿಲ್ಲ. ಅದು ಸಿಹಿಯಾಗಿದೆ, ಚಹಾಕ್ಕೆ ಹಾಕಿಕೊಳ್ಳುತ್ತೇನೆ.

ಕಾರ್ಡು ತುಂಬಿತು.
ಶ್ರೀಪಾದ