ಕೊರಿಯರಿನವನಿಗೆ ಕಟ್ಟಿದ ಉಂಡಿ

ಮಾಧವನಗರ,
೧೦ ಸೆಪ್ಟೆಂಬರ್ ೨೦೨೫, ಬುಧವಾರ

ಸೌ. ಅಲಕಾಳಿಗೆ ಶ್ರೀಪಾಲ ಬರೆಯುವುದು, ಜಯ ಜಿನೇಂದ್ರ.

ನಾನು ಇಲ್ಲಿ ಕ್ಷೇಮ. ನಿನ್ನ ಕ್ಷೇಮ ತಿಳಿಸು ಎಂದು ಕೇಳುವ ಹಾಗಿಲ್ಲ. ಅದು ಈಗ ನಿನಗಿಂತ ಮೊದಲು ಪುಣೆಯ ಪ್ರಯೋಗಾಲಯಕ್ಕೆ ಗೊತ್ತಾಗುತ್ತದೆ, ಅಲ್ಲಿಂದ ನಮ್ಮ ಮಗಳು ಸೋನಲಳಿಗೆ, ಅವಳಿಂದ ನನಗೆ. ಹನ್ನೊಂದು ವರ್ಷದ ಮೇಲೆ ನನ್ನ ಅಕ್ಷರ ನೋಡುತ್ತಿದ್ದೀಯ, ಹರಿದು ಹಾಕಬೇಡ. ಹರಿಯಲೇಬೇಕೆಂದರೆ ಕೊನೆಯ ತನಕ ಓದಿ ಹರಿ. ಫೋನಿನಲ್ಲಿ ನನ್ನ ದನಿ ಕೇಳಿಸಕೂಡದು ಎಂದು ನೀನು ಹೇಳಿದ್ದೆ, ಕಾಗದದ ಬಗ್ಗೆ ಏನೂ ಹೇಳಿರಲಿಲ್ಲ. ಕನ್ನಡದಲ್ಲಿ ಬರೆದದ್ದಕ್ಕೂ ಕಾರಣವಿದೆ. ಇದನ್ನು ಮಿರಜಿನಲ್ಲಿ ನಿನ್ನ ಅಣ್ಣನ ಮನೆಗೆ ತರುವವಳು ಸೋನಲ. ಮರಾಠಿ ಶಾಲೆಯಲ್ಲಿ ಕಲಿತ ಅವಳಿಗೆ ನಮ್ಮ ಕನ್ನಡದ ಜಗಳ ಪೂರ್ತಿ ಅರ್ಥವಾಗುತ್ತದೆ, ಆದರೆ ಒಂದಕ್ಷರವೂ ಓದಲು ಬರುವುದಿಲ್ಲ.

ಕಾಗದದ ಜೊತೆ ನಾಲ್ಕು ಸ್ಟೀಲ್ ಡಬ್ಬಿ ಇವೆ. ನಾನೇ ತೊಳೆದಿದ್ದೇನೆ. ನಿನ್ನ ಡಬ್ಬಿ ನನ್ನ ಮನೆಗೆ ಹೇಗೆ ಬಂದವು ಎಂದು ಹುಬ್ಬು ಗಂಟಿಕ್ಕುತ್ತೀಯ, ಗೊತ್ತು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ, ಆದರೆ ಧೈರ್ಯ ಬರಲು ಇನ್ನೊಂದು ಪುಟ ಬೇಕು. ಅಲ್ಲಿಯವರೆಗೆ ರಿಪೋರ್ಟಿನ ಮಾತು ಆಡುತ್ತೇನೆ.

ಎರಡು ಥರದ ಕೀಮೋ ನಿನ್ನ ಕೂದಲು ಉದುರಿಸಿತೇ ಹೊರತು ಹೊಟ್ಟೆಯೊಳಗಿನ ಗಡ್ಡೆಯನ್ನು ಅಲುಗಿಸಲಿಲ್ಲ. ಇನ್ನು ಕೀಮೋ ಕೊಡುವ ಆ ಕುರ್ಚಿಯಲ್ಲಿ ಕೂರುವುದಿಲ್ಲ ಎಂದು ನೀನು ಹಟ ಹಿಡಿದಾಗ ಡಾಕ್ಟರ್ ಆಶಿಷ ಈ ಹೊಸ ದಾರಿ ಹೇಳಿದರಂತೆ. ಗಡ್ಡೆಯ ಒಂದು ಚೂರು ತೆಗೆದು ಪುಣೆಗೆ ಕಳಿಸುವುದು, ಅಲ್ಲಿ ಅದರಿಂದ ಸಾಸಿವೆಗಿಂತ ಸಣ್ಣ ಸಣ್ಣ ಗಡ್ಡೆಗಳನ್ನು ತಟ್ಟೆಯಲ್ಲಿ ಬೆಳೆಸುವುದು, ಮೊದಲು ಅವುಗಳ ಮೇಲೆ ಔಷಧಿ ಹಾಕಿ ಯಾವುದು ನಾಟುತ್ತದೆ ನೋಡಿ ಆಮೇಲೆ ನಿನಗೆ ಕೊಡುವುದು. ಆರ್ಗನಾಯ್ಡ್ ಎಂದು ಅವುಗಳ ಹೆಸರು. ಎಲ್ಲರದೂ ಬೆಳೆಯುವುದಿಲ್ಲ, ಬೆಳೆಯದಿದ್ದರೆ ಪರೀಕ್ಷೆಯೂ ಇಲ್ಲ ಎಂದಿದ್ದರು. ಅಷ್ಟು ಕೇಳಿದ್ದೇ ತಡ, ನೀನು ಬಸದಿಗೆ ಹೋಗಿ ಗಡ್ಡೆ ಚೆನ್ನಾಗಿ ಬೆಳೆಯಲಿ ಎಂದು ಅಭಿಷೇಕ ಬರೆಸಿದೆಯಂತೆ. ಪಂಡಿತರು ಎರಡು ಸಲ ಕೇಳಿ ಬರೆದುಕೊಂಡರೆಂದು ಸೋನಲ ಹೇಳಿದಳು. ಮೂರನೇ ವಾರ ಬೆಳೆದಿವೆ ಎಂಬ ಫೋನು ಬಂದಾಗ ನೀನು ಓಣಿಗೆಲ್ಲ ಪೇಢೆ ಹಂಚಿದ್ದೂ ಗೊತ್ತು. ಕ್ಯಾನ್ಸರ್ ಬೆಳೆಯಿತೆಂದು ಪೇಢೆ ಹಂಚಿದ ಮನೆ ಮಿರಜಿನಲ್ಲಿ ಅದೊಂದೇ ಇರಬೇಕು.

ಸೂರ್ಯ ಮುಳುಗಿದ ಮೇಲೆ ನೀನು ಉಣ್ಣುವುದಿಲ್ಲ, ನಿನ್ನ ಚೂರೂ ಉಣ್ಣಕೂಡದು ಎಂದು ಪ್ರಯೋಗಾಲಯದ ಹುಡುಗಿ ಮೃಣಾಲಳಿಗೆ ಫೋನಿನಲ್ಲಿ ತಾಕೀತು ಮಾಡಿದೆಯಂತೆ. ಆ ಪುಣ್ಯಾತ್ಗಿತ್ತಿ ನಗದೆ ಒಪ್ಪಿದಳು, ಐದು ಗಂಟೆಯೊಳಗೇ ತಿನ್ನಿಸಿ ಮುಗಿಸುತ್ತಿದ್ದಳು. ಅದೂ ದಿನ ಬಿಟ್ಟು ದಿನವಂತೆ, ಅಂದರೆ ಅವೂ ಉಪವಾಸ ಹಿಡಿದಂತಾಯಿತು. ಏನು ತಿನ್ನಿಸುತ್ತಾರೆ ಎಂದು ಮಾತ್ರ ನಾನು ಕೇಳಲಿಲ್ಲ, ನೀನೂ ಕೇಳಬೇಡ.

ಆರು ಔಷಧಿಯಲ್ಲಿ ಐದಕ್ಕೆ ನಿನ್ನ ಗಡ್ಡೆ ಕ್ಯಾರೇ ಅನ್ನಲಿಲ್ಲ. ಇದನ್ನು ತಿಳಿಯಲು ಆರು ವಾರ ಬೇಕಿತ್ತೇ, ನನ್ನನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ, ಅದು ಯಾರ ಮೈಯಿಂದ ಬಂದ ಚೂರು ಎಂದು. ಆರನೆಯದು ಹಳೆಯ ಔಷಧಿ. ಅದಕ್ಕೆ ಮಾತ್ರ ಅವು ಮುದುಡಿಕೊಂಡವಂತೆ. ತಟ್ಟೆಯಲ್ಲಿ ಆದದ್ದು ಮೈಯಲ್ಲೂ ಆಗುತ್ತದೆಂದು ಖಾತ್ರಿ ಕೊಡಲಾರೆ, ಆದರೆ ಕುರುಡಾಗಿ ಕೊಡುವುದಕ್ಕಿಂತ ಮೇಲು ಎಂದರು ಡಾಕ್ಟರು. ಸೋಮವಾರ ಆ ಔಷಧಿಯ ಮೊದಲ ಸಲಾಯಿನ್ನು.

ಈಗ ನಿಜ ಹೇಳುತ್ತೇನೆ.

ಚೂರು ತೆಗೆದ ದಿನ ಪುಣೆಗೆ ಹೋಗಬೇಕಿದ್ದ ಕೊರಿಯರ್ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತು, ಕೊರಿಯರಿನವನೇ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಹೋದ ಎಂದು ಸೋನಲ ನಿನಗೆ ಹೇಳಿದಳು. ವ್ಯಾನು ಕೆಟ್ಟದ್ದು ನಿಜ, ಉಳಿದದ್ದು ಸುಳ್ಳು. ಒಂದು ದಿನದೊಳಗೆ ಮುಟ್ಟದಿದ್ದರೆ ಚೂರು ಕೆಡುತ್ತದೆ ಎಂದು ಅವಳು ಅಳುತ್ತ ನನಗೆ ಫೋನು ಮಾಡಿದಳು. ಮೂವತ್ತು ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ಒಣದ್ರಾಕ್ಷಿ, ನಮ್ಮ ಬೇದಾಣಿ, ಕಾದವನು ನಾನು, ನಾಲ್ಕು ಡಿಗ್ರಿ ಎಂದರೇನು ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಥರ್ಮಾಮೀಟರು ಅಂಗಿಯ ಕಿಸೆಯಲ್ಲೇ ಇತ್ತು. ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮಿರಜಿನಲ್ಲಿ ರೈಲು ಹತ್ತಿದವನು ನಾನೇ, ಪುಣೆಯ ತನಕ ಮೂತ್ರಕ್ಕೂ ಏಳಲಿಲ್ಲ.

ಎದುರಿಗೆ ರಾಯಬಾಗದ ಪರಸಪ್ಪ ಎಂಬುವನು ಕೂತಿದ್ದ. ಪೆಟ್ಟಿಗೆಯಲ್ಲಿ ಮೀನು ಇದೆಯೇ ಎಂದು ಕೇಳಿದ. ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ನನಗೆ ಹೇಗಾಗಿರಬೇಡ. ನಾವು ಜೈನರು ಎಂದೆ. ಹಾಗಾದರೆ ಶ್ರೀಖಂಡ ಎಂದು ಅವನೇ ತೀರ್ಮಾನಿಸಿ, ಒಂದು ಚಮಚ ಕೊಟ್ಟರೇನು ಎಂದು ಬೋಗಿಯ ತುಂಬ ಸುದ್ದಿ ಮಾಡಿದ. ಕರಾಡ ದಾಟುವ ಹೊತ್ತಿಗೆ ನಾಲ್ಕು ಜನ ಅಂಗೈ ಚಾಚಿದ್ದರು. ಕಡೆಗೆ ಹೇಳಲೇಬೇಕಾಯಿತು.

“ಒಳಗ ನನ್ನ ಹೆಂಡ್ತಿ ಹೊಟ್ಯಾಗಿನ ಗಡ್ಡಿ ಚೂರ ಐತ್ರಿ. ಅಕಿಗಿ ಔಷಧ ಹುಡಕಾಕ ಒಯ್ಯಾಕತ್ತೇನಿ.”

ಚಾಚಿದ ಕೈಗಳು ಹಿಂದೆ ಸರಿದವು. ಪರಸಪ್ಪ ಎದ್ದು ಬಿಸಿಲು ಬೀಳದ ಕಡೆ ತನ್ನ ಜಾಗ ಬಿಟ್ಟುಕೊಟ್ಟ. ಒಬ್ಬ ಮುದುಕಿ ಪೆಟ್ಟಿಗೆಗೆ ಕೈಮುಗಿದಳು. ನನ್ನ ಹೆಂಡತಿ ಎಂಬ ಮಾತು ನನ್ನ ಬಾಯಲ್ಲಿ ಬಂದು ಹನ್ನೊಂದು ವರ್ಷವಾಗಿತ್ತು, ಅಲಕಾ. ಲೋಣಂದದ ತನಕ ಕಣ್ಣು ಒರೆಸಿಕೊಳ್ಳುತ್ತ ಕೂತೆ, ಪೆಟ್ಟಿಗೆ ಹಿಡಿದಿದ್ದರಿಂದ ಒಂದೇ ಕೈಯಲ್ಲಿ.

ಆಮೇಲೆ ಆ ಕೊರಿಯರಿನವನಿಗೆ ಕೊಡು ಎಂದು ನೀನು ಶೇಂಗಾದುಂಡಿ ಕಟ್ಟಿ ಕಳಿಸಿದೆ. ಸೋನಲ ಬೇರೆ ಯಾರಿಗೆ ಕೊಡಬೇಕು, ನನಗೇ ತಂದಳು. ಅಂದೇ ಹೇಳಬೇಕಿತ್ತು. ಮೊದಲ ಉಂಡಿ ಬಾಯಿಗೆ ಹಾಕಿದ ಮೇಲೆ ಹೇಳುವ ಮನಸ್ಸಾಗಲಿಲ್ಲ, ಹೇಳಿದರೆ ಎರಡನೇ ಡಬ್ಬಿ ಬರುವುದಿಲ್ಲವಲ್ಲ. ಹೀಗೆ ಶುಗರ್ ಇದ್ದೂ ನಾಲ್ಕು ಡಬ್ಬಿ ತಿಂದೆ.

ನೀನೀಗ ಹೊಸ ಹಟ ಹಿಡಿದಿದ್ದೀಯ. ಸೋಮವಾರ ಆ ಕೊರಿಯರಿನವನನ್ನು ಆಸ್ಪತ್ರೆಗೆ ಕರೆತರಬೇಕು, ನಿನ್ನ ಕೈಯಾರೆ ಅವನಿಗೆ ಬಡಿಸಬೇಕು, ಆಮೇಲೇ ಕುರ್ಚಿಯಲ್ಲಿ ಕೂರುವುದು. ಬಂದವನು ನಾನೆಂದು ನೋಡಿ ನೀನು ಸಿಟ್ಟಿನಿಂದ ಮನೆಗೆ ಹೊರಟುಬಿಟ್ಟರೆ ಏನು ಗತಿ? ನಿನಗಿದ್ದ ಒಂದು ದಾರಿಯನ್ನೂ ನಾನೇ ಮುಚ್ಚಿದ ಹಾಗಾಗುತ್ತದೆ.

ಸಿಟ್ಟಿಗೆ ಕಾರಣ ನಾನು ಮರೆತಿಲ್ಲ. ದಶಲಕ್ಷಣ ಪರ್ವದಲ್ಲಿ ನೀನು ಹತ್ತು ದಿನ ಉಪವಾಸ ಹಿಡಿದಿದ್ದೆ. ಪಾರಣೆಯ ದಿನ ಗಂಡನ ಕೈಯಿಂದ ಮೊದಲ ಗುಟುಕು ನೀರು ಕುಡಿಯಬೇಕೆಂದು ಬೆಳಗಿನಿಂದ ಕಾದು ಕೂತೆ. ಕೋಲ್ಡ್ ಸ್ಟೋರೇಜಿನ ಯಂತ್ರ ಕೆಟ್ಟಿತ್ತು, ನಾನು ಅಲ್ಲಿದ್ದೆ. ಮಧ್ಯಾಹ್ನ ನೀನು ಫೋನು ಮಾಡಿದಾಗ ನಾನು ಅಂದ ಮಾತು ನನಗೇ ಇನ್ನೂ ಚುಚ್ಚುತ್ತದೆ.

“ಬೇದಾಣಿ ಕೆಟ್ಟರ ಮತ್ತ ಬರೂದಿಲ್ಲ, ನಿನ್ನ ಉಪವಾಸ ಮುಂದಿನ ವರ್ಷನೂ ಬರತೈತಿ.”

ಅಂದು ನಿನ್ನ ಅಣ್ಣ ನೇಮಿನಾಥ ನೀರು ಕುಡಿಸಿ ಕರೆದುಕೊಂಡು ಹೋದ. ಅಂದಿನಿಂದ ನಿನ್ನ ಅಡುಗೆಮನೆಗೆ ಒಣದ್ರಾಕ್ಷಿ ಸೇರಿಲ್ಲ, ಪಾಯಸಕ್ಕೂ ಹಾಕುವುದಿಲ್ಲ ಎಂದು ಸೋನಲ ಹೇಳಿದ್ದಳು. ತಪ್ಪು ನನ್ನದು. ಇದನ್ನು ಹನ್ನೊಂದು ವರ್ಷದ ಹಿಂದೆಯೇ ಬರೆಯಬೇಕಿತ್ತು.

ನನ್ನ ಮುಖ ನೋಡಲಾರೆ ಎಂದರೆ ಬುಧಗಾಂವದ ಮಂಗೇಶ ಎಂಬ ನಿಜವಾದ ಕೊರಿಯರಿನವನು ಸಿಕ್ಕಿದ್ದಾನೆ. ಯಾರು ಬಡಿಸಿದರೂ ಉಣ್ಣುತ್ತೇನೆ ಎಂದು ಒಪ್ಪಿದ್ದಾನೆ. ಅವನನ್ನು ಕಳಿಸುತ್ತೇನೆ. ಆದರೆ ದಯಮಾಡಿ ಕುರ್ಚಿಯಲ್ಲಿ ಕೂರು.

ಇಂತು ನಿನ್ನ,
ಶ್ರೀಪಾಲ

ತಾ. ಕ.: ಎರಡನೇ ಡಬ್ಬಿಯಿಂದ ಉಂಡಿಯಲ್ಲಿ ಬೆಲ್ಲವೇ ಇಲ್ಲ, ಒಣದ್ರಾಕ್ಷಿ ಕುಟ್ಟಿ ಹಾಕಿದ್ದೀಯ. ಔಷಧಿಯಿಂದ ನಿನ್ನ ನಾಲಗೆ ಕೆಟ್ಟಿರಬೇಕು ಎಂದುಕೊಂಡೆ. ನನ್ನ ಮೇಲಿನ ಸಿಟ್ಟಿಗೆ ಬಿಟ್ಟ ದ್ರಾಕ್ಷಿಯನ್ನು ಗುರುತಿಲ್ಲದ ಕೊರಿಯರಿನವನಿಗೆ ಹಾಕಿದೆಯಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಆದರೆ ಆ ದ್ರಾಕ್ಷಿ ಮೂರನೇ ದರ್ಜೆಯದು. ಮಾರಿದವನು ನಿನಗೆ ಮೋಸ ಮಾಡಿದ್ದಾನೆ.

ಮಿರಜ,
೧೧ ಸೆಪ್ಟೆಂಬರ್, ಗುರುವಾರ

ಸೋನಲಳ ಅಪ್ಪನವರಿಗೆ ಅಲಕಾಳ ಜಯ ಜಿನೇಂದ್ರ.

ಕಾಗದ ಹರಿದಿಲ್ಲ. ಡಬ್ಬಿ ನಾಲ್ಕೂ ಬಂದವು. ಒಂದರ ಮುಚ್ಚಳ ನಮ್ಮದಲ್ಲ, ನಮ್ಮದನ್ನು ಹುಡುಕಿ ತನ್ನಿ.

ಮಂಗೇಶ ಅವನ ಮನೆಯಲ್ಲೇ ಉಣ್ಣಲಿ. ಪೆಟ್ಟಿಗೆ ಮುಟ್ಟಿದ ವಾರವೇ ಮೃಣಾಲ ನನಗೆ ಅದರ ಫೋಟೊ ಕಳಿಸಿದ್ದಳು. ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿತ್ತು. ಕರಾಡ ೪.೧, ಸಾತಾರಾ ೪.೦, ಲೋಣಂದ ೪.೩, ಒದ್ದೆ ಟವೆಲ್ ಹೊದಿಸಿದೆ. ಇಷ್ಟು ನೀಟಾಗಿ ಯಾರೂ ಕಳಿಸಿದ್ದಿಲ್ಲ ಎಂದು ಅವಳಿಗೆ ಆಶ್ಚರ್ಯ. ನನಗೆ ಆಶ್ಚರ್ಯವಾಗಲಿಲ್ಲ. ಅಕ್ಷರ ನೋಡಿ ಮೊದಲು ನಗು ಬಂತು, ಆಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ದ್ರಾಕ್ಷಿಗೆ ಮಾಡುವಷ್ಟು ಕಾಳಜಿ ಕಡೆಗೂ ನನ್ನ ಪಾಲಿಗೆ ಬಂತಲ್ಲ ಎಂದು.

ನೀವೇ ಬಾಯಿ ಬಿಟ್ಟು ಹೇಳಲಿ ಎಂದು ಉಂಡಿ ಕಟ್ಟಿ ಕಟ್ಟಿ ಕಳಿಸಿದೆ. ತಿಂದು ಸುಮ್ಮನಾದಿರಿ. ಅದಕ್ಕೇ ಸೋಮವಾರದ ಹಟ. ಐದು ಔಷಧಿ ತಟ್ಟೆಯಲ್ಲೇ ಸೋತವು, ಆರನೆಯದು ನನ್ನ ಮೈಯಲ್ಲಿ ಸೋತರೆ ಎಂದು ನನಗೆ ಬಹಳ ಹೆದರಿಕೆ ಇದೆ. ಒಬ್ಬಳೇ ಆ ಕುರ್ಚಿಯಲ್ಲಿ ಕೂರಲಾರೆ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆಗೆ ನೀವೇ ಬನ್ನಿ. ಕುದಿಸಿ ಆರಿಸಿದ ನೀರು ಒಂದು ತಂಬಿಗೆ ತನ್ನಿ. ಕೂರುವ ಮೊದಲು ನಿಮ್ಮ ಕೈಯಿಂದ ಒಂದು ಗುಟುಕು ಕುಡಿಯುತ್ತೇನೆ, ಅಂದು ಪಾರಣೆಯಲ್ಲಿ ಉಳಿದದ್ದು. ಈ ಸಲವೂ ಮಧ್ಯಾಹ್ನ ಮಾಡಬೇಡಿ.

ನಿಮ್ಮ,
ಅಲಕಾ

ತಾ. ಕ.: ನನ್ನ ನಾಲಗೆ ಕೆಟ್ಟಿಲ್ಲ. ಬೆಲ್ಲ ಬಿಟ್ಟದ್ದು ಕೊರಿಯರಿನವನಿಗೆ ಶುಗರ್ ಇದೆಯೆಂದು. ದ್ರಾಕ್ಷಿಯನ್ನು ಅಣ್ಣನಿಂದ ನಿಮ್ಮ ಕೋಲ್ಡ್ ಸ್ಟೋರೇಜಿನಿಂದಲೇ ತರಿಸಿದ್ದು. ಚೀಲದ ಚೀಟಿಯ ಮೇಲೆ ಒಂದನೇ ದರ್ಜೆ ಎಂದು ಬರೆದು ನೀವೇ ಸಹಿ ಹಾಕಿದ್ದಿರಿ.