ಒಂದು ಗುಡಿಸು

ರಾಜಾಜಿನಗರ,
12 ಆಗಸ್ಟ್ 1986

ಮಾನ್ಯ ಮ್ಯಾನೇಜರ್ ಚನ್ನವೀರಪ್ಪನವರಿಗೆ,

ಗಂಗರತ್ನಳಿಗೆ ಕೆಲಸವಿಲ್ಲವೆಂಬ ಕಾಗದ ನನ್ನ ಸಹಿಗಾಗಿ ಬಂದಿದೆ. ಸಂದರ್ಶನ ಮಾಡಿದವರಲ್ಲಿ ಹೆಂಗಸು ನಾನೊಬ್ಬಳೇ ಆದ್ದರಿಂದ ನಾನು ಸಹಿ ಮಾಡಿದರೆ ಚೆನ್ನ ಎಂದಿದ್ದೀರಿ.

ನಮ್ಮ ಕಂಪ್ಯೂಟರ್ ವಿಭಾಗದ ಲಿಖಿತ ಪರೀಕ್ಷೆಯಲ್ಲಿ ಹೆಸರುಗಳಿರಲಿಲ್ಲ, ನಂಬರುಗಳಷ್ಟೇ ಇದ್ದವು. ಹದಿನೇಳನೆಯ ಪತ್ರಿಕೆಯ ಅಂಚಿನಲ್ಲಿ ನೀವೇ "ಜಾಣ ಹುಡುಗ, ಬಿಡಬಾರದು" ಎಂದು ಬರೆದಿರಿ. ಮಾರನೆಯ ವಾರ ಆ ಹದಿನೇಳನೆಯ ನಂಬರು ಸುಂಕದಕಟ್ಟೆಯಿಂದ ಸೀರೆಯುಟ್ಟು ಬಂತು. ನೀವು ಕೇಳಿದ್ದು ಒಂದೇ ಪ್ರಶ್ನೆ: "ಮದ್ವೆ ಯಾವಾಗಮ್ಮಾ?"

"ಕೆಲ್ಸ ಸಿಕ್ಕಿದ್ಮೇಲೆ ಯೋಚ್ನೆ ಮಾಡ್ತೀನಿ ಸಾರ್," ಎಂದಳು. ಎಲ್ಲರೂ ನಕ್ಕರು. ಅಭ್ಯಾಸಬಲದಿಂದ ನಾನೂ ನಕ್ಕೆ. ಇಪ್ಪತ್ತು ವರ್ಷಗಳ ಹಿಂದೆ, ಎಂ.ಎಸ್ಸಿ. ಮುಗಿಸಿ ಬಂದ ನನ್ನನ್ನೂ ಹೀಗೇ ಕೇಳಿದ್ದರು. ಆಗಲೂ ನಕ್ಕಿದ್ದೆ.

ಕಾಗದವನ್ನು ಸಹಿ ಮಾಡದೆ ಹಿಂದಿರುಗಿಸುತ್ತಿದ್ದೇನೆ. ಜೊತೆಗೆ ಅವಳ ಉತ್ತರಪತ್ರಿಕೆಯನ್ನೂ ಇಟ್ಟಿದ್ದೇನೆ. ನೀವು ಬರೆದದ್ದನ್ನು ಹೊಡೆದುಹಾಕಬೇಕಾಗಿಲ್ಲ. "ಹುಡುಗ" ಎಂಬಲ್ಲಿ ಕೊನೆಯ ಅಕ್ಷರಕ್ಕೆ ಒಂದು ಗುಡಿಸು ಕೊಡಿ, ಸಾಕು. ವಾಕ್ಯದ ಉಳಿದ ಭಾಗ ಈಗಲೂ ನಿಜ.

ಇತಿ,
ಬಿ. ಎಸ್. ಸರ್ವಮಂಗಳಾ